ಒಂದೇ ಕಡೆ ತಪ್ಪುವ ಬಂದೂಕು



ಜಾತ್ರೆಗೆ ಹೋದವರಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ಒಂದು ಗಳಿಗೆಯಾದರೂ ನಿಲ್ಲದವರು ಕಡಿಮೆ. ಒಂದು ಹಲಗೆ, ಅದಕ್ಕೆ ಸಾಲುಸಾಲಾಗಿ ಕಟ್ಟಿದ ಬಣ್ಣದ ಬಲೂನುಗಳು, ಅಡ್ಡಮೇಜಿನ ಮೇಲೆ ಹಳೆಯದೊಂದು ಏರ್ ಗನ್, ಒಂದು ತಗಡಿನ ಡಬ್ಬಿಯಲ್ಲಿ ಸೀಸದ ಸಣ್ಣ ಗುಂಡುಗಳು. ಇಷ್ಟೇ ಬಂಡವಾಳ. ಇಂದಿನ ನನ್ನ ಮಾತು ಆ ಅಂಗಡಿಯಿಂದಲೇ ಆರಂಭವಾಗುತ್ತದೆ.

1996ರಲ್ಲಿ ನಾನು ಹೈಸ್ಕೂಲು ವಿದ್ಯಾರ್ಥಿ. ಡಂಬಳದಲ್ಲಿ ನನ್ನ ಸೋದರಮಾವನ ಮನೆ. ಆಗಿನ್ನೂ ಗದಗ ಜಿಲ್ಲೆ ಆಗಿರಲಿಲ್ಲ, ಡಂಬಳ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ತೋಂಟದಾರ್ಯ ಮಠದ ಜಾತ್ರೆಗೆ ರೊಟ್ಟಿ ಜಾತ್ರೆಯೆಂದೇ ಹೆಸರು. ಪ್ರಸಾದ ಮುಗಿಸಿ, ಮಾವ ಕೊಟ್ಟ ದುಡ್ಡು ಜೇಬಿನಲ್ಲಿಟ್ಟುಕೊಂಡು ಬಲೂನಿನ ಅಂಗಡಿಗೆ ಹೋದೆ. ಐದು ಗುಂಡು ಹಾರಿಸಿದೆ. ಒಂದು ಬಲೂನೂ ಒಡೆಯಲಿಲ್ಲ. ಇನ್ನೈದು ಹಾರಿಸಿದೆ, ಒಡೆದದ್ದು ಒಂದೇ, ಅದೂ ನಾನು ಗುರಿಯಿಟ್ಟದ್ದರ ಪಕ್ಕದ್ದು. ಸುತ್ತಲಿದ್ದ ಹುಡುಗರು ನಕ್ಕರು. ನನಗೆ ಅವಮಾನವಾಗಿ, "ಕಾಕಾ, ನಿಮ್ಮ ಬಂದೂಕು ಖೊಟ್ಟಿ ಐತಿ, ಮಂದಿಗೆ ಮೋಸ ಮಾಡಾಕತ್ತೀರಿ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಸರದಿಯಲ್ಲಿ ನಿಂತಿದ್ದ ಇಬ್ಬರು ದುಡ್ಡು ವಾಪಸು ಕೇಳಿದರು.

ಅಂಗಡಿಯವರು ಸಿಟ್ಟಾಗಲಿಲ್ಲ. ನನ್ನ ಕೈಯಲ್ಲಿದ್ದ ಅದೇ ಬಂದೂಕನ್ನು ತೆಗೆದುಕೊಂಡು, ಅದೇ ಡಬ್ಬಿಯ ಗುಂಡು ತುಂಬಿ, ಮೇಲಿನ ಸಾಲಿನ ಐದು ಬಲೂನುಗಳನ್ನು ಒಂದಾದ ಮೇಲೊಂದರಂತೆ ಒಡೆದರು. ಆಮೇಲೆ ಬಂದೂಕನ್ನು ಮೇಜಿನ ಮೇಲಿಡುತ್ತ, "ಎಡಕ್ಕ ಎರಡ ಬೆರಳು ಹೋಗತೈತಿ ತಮ್ಮಾ. ಮುಂಜಾನೆನೂ ಅಷ್ಟ, ಸಂಜೀಕೂ ಅಷ್ಟ" ಎಂದರು. ನಾನು ತಪ್ಪಾಯಿತೆನ್ನದೆ ಅಲ್ಲಿಂದ ಜಾರಿಕೊಂಡೆ. ಮರುವರ್ಷದ ಜಾತ್ರೆಯಲ್ಲಿ ಹುಡುಕಿದೆ. ಅವರ ಅಂಗಡಿ ಬಂದಿರಲಿಲ್ಲ.

ಅವರು ಹೇಳಿದ ಮಾತಿನ ಅರ್ಥ ನನಗಾದದ್ದು ಬಿ.ಎಸ್ಸಿ. ಮೊದಲ ವರ್ಷದ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ. ಅಳತೆಯಲ್ಲಿ ಎರಡು ಬಗೆಯ ದೋಷಗಳಿರುತ್ತವೆ ಎಂದು ನೀವೂ ಓದಿದ್ದೀರಿ. ಸ್ಕ್ರೂ ಗೇಜಿನ ಶೂನ್ಯದೋಷದಂತೆ ಪ್ರತಿ ಸಲವೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಬರುವ ದೋಷ ಒಂದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಒಮ್ಮೆ ಎಡ, ಒಮ್ಮೆ ಬಲ ಎಂದು ಹೇಗೆಂದರೆ ಹಾಗೆ ಬರುವ ದೋಷ ಇನ್ನೊಂದು. ಮೊದಲನೆಯದನ್ನು ತಿಳಿದುಕೊಂಡರೆ ಕಳೆದುಬಿಡಬಹುದು. ಎರಡನೆಯದನ್ನು ಹಾಗೆ ಕಳೆಯಲು ಬರುವುದಿಲ್ಲ. ಅದರ ಕಾರಣಗಳನ್ನು ಒಂದೊಂದಾಗಿ ಹುಡುಕಿ ಕಡಿಮೆ ಮಾಡಬೇಕು. ಜಾತ್ರೆಯ ಬಂದೂಕಿನಲ್ಲಿದ್ದದ್ದು ಮೊದಲ ಬಗೆಯ ದೋಷ. ಎರಡನೆಯ ಬಗೆಯದು ಇದ್ದದ್ದು ನನ್ನ ಕೈಯಲ್ಲಿ.

ಇದೇ ಸಂಗತಿ ಜಗತ್ತೇ ನೋಡುತ್ತಿದ್ದ ಒಂದು ಅಂಕಣದಲ್ಲೂ ನಡೆದಿದೆ. 2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 600ಕ್ಕೆ 596 ಅಂಕ ಗಳಿಸಿ ಅಂತಿಮ ಸುತ್ತಿಗೆ ಬಂದಿದ್ದರು. ಅಂತಿಮ ಸುತ್ತಿಗೆ ಮುನ್ನ, ಲೆಕ್ಕಕ್ಕಿಲ್ಲದ ಪರೀಕ್ಷಾ ಗುಂಡು ಹಾರಿಸಿದಾಗ ಅದು ಕೇಂದ್ರದಿಂದ ಬಹಳ ದೂರ ಬಿದ್ದಿತು. ತಮ್ಮ ರೈಫಲಿನ ಸೈಟನ್ನು ಯಾರೋ ಕದಲಿಸಿರಬೇಕೆಂಬ ಸಂಶಯವನ್ನು ಅವರು 2011ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಉಳಿದಿದ್ದ ಕೆಲವೇ ನಿಮಿಷಗಳಲ್ಲಿ ಸೈಟನ್ನು ತಿರುಗಿಸಿ ಸರಿಪಡಿಸಿಕೊಂಡರು; ಅಂತಿಮ ಸುತ್ತಿನಲ್ಲಿ 104.5 ಅಂಕ ಗಳಿಸಿ, ಕೊನೆಯ ಗುಂಡಿಗೆ 10.8 ಹೊಡೆದು, ಒಟ್ಟು 700.5ರೊಂದಿಗೆ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ಕದಲಿದ್ದು ಸೈಟು ಮಾತ್ರವಾದ್ದರಿಂದ ಅದು ಸಾಧ್ಯವಾಯಿತು. ರೈಫಲ್ ಪ್ರತಿ ಸಲವೂ ಒಂದೇ ಜಾಗಕ್ಕೆ ಹೊಡೆಯುವಂಥದ್ದಾಗಿತ್ತು. ಅದರ ಗುಂಡುಗಳೇ ಚೆದುರುತ್ತಿದ್ದರೆ ಆ ಕೆಲವು ನಿಮಿಷಗಳಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ.

ಆದ್ದರಿಂದ ಏರ್ ರೈಫಲನ್ನು ಹದಗೊಳಿಸುವುದೆಂದರೆ ಮೊದಲು ಸೈಟಿಗೆ ಕೈ ಹಾಕುವುದಲ್ಲ. ಹೊಸಬರೆಲ್ಲ ಮಾಡುವ ತಪ್ಪು ಅದೇ. ಮೊದಲು ಚೆದುರಿಕೆಯನ್ನು ಕಡಿಮೆ ಮಾಡಬೇಕು. ಸೈಟಿನ ಕೆಲಸ ಕಟ್ಟಕಡೆಯದು.

ಎಷ್ಟು ಕಡಿಮೆ ಮಾಡಬೇಕು? ಸ್ಪರ್ಧೆಯ ಗುರಿಹಲಗೆಯ ಒಟ್ಟು ವ್ಯಾಸ 45.5 ಮಿ.ಮೀ. ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ. ಮಾತ್ರ. ಗುಂಡಿನ ವ್ಯಾಸವೇ 4.5 ಮಿ.ಮೀ. ಆದ್ದರಿಂದ ಗುಂಡಿನ ಅಂಚು ಆ ಚುಕ್ಕೆಯನ್ನು ಮುಟ್ಟಿದರೂ ಹತ್ತು ಅಂಕ ಸಿಗುತ್ತದೆ. ಅಂದರೆ ಗುಂಡಿನ ಕೇಂದ್ರ ಗುರಿಯ ಕೇಂದ್ರದಿಂದ ಎರಡೂವರೆ ಮಿ.ಮೀ. ಒಳಗಿರಬೇಕು. ಹತ್ತು ಮೀಟರ್ ದೂರಕ್ಕೆ ಎರಡೂವರೆ ಮಿ.ಮೀ. ಎಂದರೆ ಕೋನದ ಲೆಕ್ಕದಲ್ಲಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಲ್ಲಿ ವಿಷಯ ಬಿಟ್ಟು ಒಂದು ಮಾತು. ಡಂಬಳಕ್ಕೆ ಹೋದರೆ ದೊಡ್ಡಬಸಪ್ಪನ ಗುಡಿಯ ಗರ್ಭಗೃಹದ ಹೊರಗೋಡೆಯನ್ನು ಒಂದು ಸುತ್ತು ಹಾಕಿ ನೋಡಿ. ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರ ಅದು. ಒಂದು ಚೌಕವನ್ನು ನಡುಬಿಂದುವಿನ ಸುತ್ತ ಹದಿನೈದು ಡಿಗ್ರಿಯಂತೆ ತಿರುಗಿಸುತ್ತ ಬಂದರೆ ಆ ಆಕೃತಿ ಬರುತ್ತದೆ. ಒಂದು ಮೂಲೆಯಲ್ಲಿ ಕೋನ ತುಸು ತಪ್ಪಿದರೂ ಕೊನೆಯ ಮೂಲೆ ಮೊದಲನೆಯದಕ್ಕೆ ಕೂಡುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಲುಕುಟಿಗರು ಅದನ್ನು ಕೂಡಿಸಿದ್ದಾರೆ. ಕೋನದ ಸಣ್ಣ ತಪ್ಪು ದೂರ ಹೋದಂತೆ ದೊಡ್ಡದಾಗುತ್ತದೆಂಬುದು ಅವರಿಗೆ ನಮ್ಮ ಬಲೂನಿನ ಅಂಗಡಿಯವರಿಗೆ ತಿಳಿದಷ್ಟೇ ಚೆನ್ನಾಗಿ ತಿಳಿದಿತ್ತು.

ಈಗ ನಮ್ಮ ಪ್ರಯೋಗಕ್ಕೆ ಬರೋಣ. ಕಾರ್ಯಕ್ರಮದಲ್ಲಿ ನೀವು ನೋಡಿದ ರೈಫಲ್ ನನ್ನ ಮಾವನದು. ಸ್ಪ್ರಿಂಗಿನದು, ನಳಿಕೆಯನ್ನು ಮಡಿಸಿ ಗುಂಡು ತುಂಬುವ ಬಗೆಯದು. ಮಾವ ಸೂರ್ಯಕಾಂತಿ ಬೆಳೆಯುತ್ತಾರೆ. ತೆನೆ ಕಾಳುಕಟ್ಟುವ ಹೊತ್ತಿಗೆ ಗಿಳಿಗಳ ಹಿಂಡು ಬಂದರೆ ಬೆಳೆ ಕೈಗೆ ಬರುವುದು ಕಷ್ಟ. ಅವರು ಹಕ್ಕಿಗೆ ಹೊಡೆಯುವವರಲ್ಲ. ಹೊಲದ ಆಚೆ ತುದಿಯ ಕರಿಮಣ್ಣಿನ ಒಡ್ಡಿನ ಮುಂದೆ ಹಳೆಯ ತಗಡೊಂದನ್ನು ಕಂಬಕ್ಕೆ ತೂಗುಹಾಕಿದ್ದಾರೆ. ಅಟ್ಟದ ಮೇಲೆ ಕುಳಿತು ಆ ತಗಡಿಗೆ ಹೊಡೆಯುತ್ತಾರೆ. ಟಣ್ ಎಂದು ಸದ್ದಾದ ಕೂಡಲೇ ಹಿಂಡು ಏಳುತ್ತದೆ. ಗುಂಡು ತಪ್ಪಿದರೆ ಸದ್ದಿಲ್ಲ, ಸದ್ದಿಲ್ಲದಿದ್ದರೆ ಗಿಳಿ ಏಳುವುದಿಲ್ಲ. ಹಾಗಾಗಿ ಅವರ ಪಾಲಿಗೆ ನಿಖರತೆಯೆಂಬುದು ಪದಕದ ಮಾತಲ್ಲ.

ರೈಫಲಿನ ಒಳಗೆ ನಡೆಯುವುದೇನು ಎಂಬುದನ್ನು ತಿಳಿಯದೆ ಹದಗೊಳಿಸಲು ಹೊರಟರೆ ಕೆಟ್ಟುಹೋಗುವುದೇ ಹೆಚ್ಚು. ನಳಿಕೆಯನ್ನು ಮಡಿಸಿದಾಗ ಬಲವಾದ ಸ್ಪ್ರಿಂಗ್ ಒತ್ತಿಕೊಂಡು ಪಿಸ್ಟನ್ ಹಿಂದಕ್ಕೆ ಸರಿದು ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಕೊಂಡಿ ಬಿಡುತ್ತದೆ. ಪಿಸ್ಟನ್ ಮುಂದಕ್ಕೆ ಚಿಮ್ಮಿ ಎದುರಿನ ಗಾಳಿಯನ್ನು ಅದುಮುತ್ತದೆ. ಆ ಗಾಳಿ ಗುಂಡನ್ನು ನೂಕುತ್ತದೆ. ಪಿಸ್ಟನ್ ಮುಂದಕ್ಕೆ ಹೋಗುವಾಗ ನ್ಯೂಟನ್ನನ ಮೂರನೆಯ ನಿಯಮದಂತೆ ರೈಫಲ್ ಹಿಂದಕ್ಕೆ ಜಗ್ಗುತ್ತದೆ. ಪಿಸ್ಟನ್ ಗಾಳಿಯ ಮೆತ್ತೆಗೆ ತಗುಲಿ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಗಮನಿಸಬೇಕಾದದ್ದು ಏನೆಂದರೆ, ಈ ಎಳೆದಾಟವೆಲ್ಲ ಶುರುವಾಗುವ ಹೊತ್ತಿಗೆ ಗುಂಡು ಇನ್ನೂ ನಳಿಕೆಯೊಳಗೇ ಇರುತ್ತದೆ. ಇಂದು ಸ್ಪರ್ಧೆಗಳಲ್ಲಿ ಬಳಸುವ ರೈಫಲ್‌ಗಳಲ್ಲಿ ಮೊದಲೇ ತುಂಬಿಟ್ಟ ಗಾಳಿಯ ಸಿಲಿಂಡರ್ ಇರುವುದರಿಂದ ಈ ಜಗ್ಗಾಟ ಬಹಳ ಕಡಿಮೆ. ಸ್ಪ್ರಿಂಗ್ ರೈಫಲಿಗೆ ಅದು ಹುಟ್ಟುಗುಣ.

ಮೊದಲ ದಿನ ಹೊಲದಲ್ಲೇ ಆರಂಭಿಸಿದೆವು. ಅದು ತಪ್ಪಾಯಿತು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಅರ್ಧ ಗ್ರಾಂ ತೂಕದ ಗುಂಡಿಗೆ ಅಡ್ಡಗಾಳಿಯೆಂದರೆ ಸಣ್ಣ ಮಾತಲ್ಲ; ಹತ್ತು ಮೀಟರಿನಲ್ಲೇ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ. ಹತ್ತು ಮೀಟರ್ ಸ್ಪರ್ಧೆಗಳು ಒಳಾಂಗಣದಲ್ಲಿ ನಡೆಯುವುದೂ ಇದಕ್ಕೇ. ನಾವು ಶೇಂಗಾ ಚೀಲ ಇಡುವ ಉದ್ದನೆಯ ಗೋದಾಮಿಗೆ ಹೋದೆವು. ದಪ್ಪ ಹಲಗೆಯ ಪೆಟ್ಟಿಗೆಗೆ ಹಳೆಯ ದಿನಪತ್ರಿಕೆಗಳನ್ನು ಬಿಗಿಯಾಗಿ ತುಂಬಿ ಅದರ ಮುಂದೆ ಗುರಿಯ ಕಾಗದ ಅಂಟಿಸಿದೆವು. ಕಲ್ಲು, ಸಿಮೆಂಟು ಗೋಡೆಗೆ ನೇರವಾಗಿ ಹೊಡೆಯಬಾರದು. ಸೀಸದ ಗುಂಡು ಹಿಂದಕ್ಕೆ ಸಿಡಿದು ಕಣ್ಣು ತೆಗೆಯಬಲ್ಲದು. ಎಲ್ಲರೂ ಕನ್ನಡಕ ಹಾಕಿಕೊಂಡೆವು. ಕ್ಯಾಮೆರಾದವರಿಗೆ ಇದು ಇಷ್ಟವಾಗಲಿಲ್ಲ, ಆದರೂ ಹಾಕಿಸಿದೆ.

ಐದು ಗುಂಡು ಹಾರಿಸುವುದು, ಅತಿ ದೂರದ ಎರಡು ತೂತುಗಳ ಕೇಂದ್ರಗಳ ನಡುವಣ ಅಂತರ ಅಳೆಯುವುದು. ಇದೇ ನಮ್ಮ ಅಳತೆಗೋಲು. ಗುರಿಗೆ ಎಷ್ಟು ಸಮೀಪ ಬಿತ್ತೆಂಬುದನ್ನು ನೋಡಲೇ ಇಲ್ಲ. ಮೊದಲ ಅಳತೆ 41 ಮಿ.ಮೀ. ಹೆಚ್ಚುಕಡಿಮೆ ಇಡೀ ಗುರಿಹಲಗೆಯ ಅಗಲ!

ಮೊದಲು ಸ್ಕ್ರೂಗಳು. ರೈಫಲಿನ ಲೋಹದ ಭಾಗವನ್ನು ಮರದ ಭಾಗಕ್ಕೆ ಬಿಗಿದಿಡುವ ಸ್ಕ್ರೂಗಳು ಪ್ರತಿ ಹೊಡೆತದ ಅದುರಿಗೆ ಒಂದಿಷ್ಟು ಸಡಿಲುತ್ತವೆ. ಮಾವನ ರೈಫಲಿನಲ್ಲಿ ಒಂದು ಸ್ಕ್ರೂ ಉಗುರಿನಿಂದ ತಿರುಗಿಸಿದರೂ ತಿರುಗುತ್ತಿತ್ತು. ಸರಿಯಾದ ಅಳತೆಯ ತಿರುಪುಳಿಯಿಂದ ಬಿಗಿದೆವು. ತೀರ ಬಿಗಿದರೆ ಮರ ಸೀಳುತ್ತದೆ. ಅಳತೆ 27ಕ್ಕೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲದೆ ಇಷ್ಟು ದೊಡ್ಡ ಲಾಭ ಮುಂದೆಲ್ಲೂ ಸಿಗಲಿಲ್ಲ.

ಆಮೇಲೆ ನಳಿಕೆ ಮಡಿಯುವ ಕೀಲು ಮತ್ತು ಅಲ್ಲಿನ ವಾಷರ್. ಕೀಲಿನಲ್ಲಿ ಅತ್ತಿತ್ತ ಆಟವಿದ್ದರೆ ಪ್ರತಿ ಸಲ ಮುಚ್ಚಿದಾಗಲೂ ನಳಿಕೆ ಬೇರೆ ಕೋನದಲ್ಲಿ ಕೂರುತ್ತದೆ. ನಮ್ಮದರಲ್ಲಿ ಆಟವಿರಲಿಲ್ಲ. ವಾಷರಿನಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಲು ಸೇರುವ ಜಾಗದ ಮೇಲೆ ಹತ್ತಿಯ ಒಂದೆಳೆ ಇಟ್ಟು ಹೊಡೆಯಬೇಕು. ಎಳೆ ಹಾರಿದರೆ ಸೋರಿಕೆ ಇದೆ. ನಮ್ಮ ಎಳೆ ಕದಲಲಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ನಳಿಕೆಯ ಬಾಯಂಚಿನ ಸುತ್ತ ಮೆಲ್ಲಗೆ ಆಡಿಸಿದೆವು; ಎಲ್ಲಿಯಾದರೂ ಹತ್ತಿ ಸಿಕ್ಕಿಕೊಂಡರೆ ಅಂಚು ಮುಕ್ಕಾಗಿದೆ ಎಂದರ್ಥ. ಗುಂಡು ಕೊನೆಯದಾಗಿ ಮುಟ್ಟಿ ಹೊರಡುವ ಜಾಗ ಅದೇ ಆದ್ದರಿಂದ ಸಣ್ಣ ಮುಕ್ಕೂ ಗುಂಡನ್ನು ಓರೆ ಮಾಡುತ್ತದೆ. ಅಲ್ಲೂ ದೋಷವಿರಲಿಲ್ಲ.

ದೋಷ ಸಿಕ್ಕಿದ್ದು ಎಣ್ಣೆಯಲ್ಲಿ. ಪ್ರತಿ ಹೊಡೆತಕ್ಕೂ ನಳಿಕೆಯ ಬಾಯಲ್ಲಿ ತೆಳ್ಳನೆ ಹೊಗೆ. "ಮಾವ, ಇದಕ್ಕೇನು ಹಾಕ್ತೀರಿ?" ಎಂದೆ. "ಹೊಲಿಗಿ ಮಷೀನಿನ ಎಣ್ಣಿ, ವಾರಕ್ಕ ನಾಕ ಹನಿ" ಎಂದರು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿದ್ದೀರಿ. ಇಲ್ಲಿ ಗಾಳಿ ಕ್ಷಣಾರ್ಧದಲ್ಲಿ ಅದುಮಿಕೊಳ್ಳುವುದರಿಂದ ಶಾಖ ಹೊರಹೋಗಲು ಸಮಯವೇ ಇರುವುದಿಲ್ಲ; ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಒಂದು ಹೊಡೆತಕ್ಕೆ ಹೆಚ್ಚು ಎಣ್ಣೆ, ಇನ್ನೊಂದಕ್ಕೆ ಕಡಿಮೆ; ಗುಂಡಿನ ವೇಗ ಪ್ರತಿ ಸಲವೂ ಬೇರೆ. ಸೀಮೆಎಣ್ಣೆ ಹಾಕಿದರೆ ಜೋರಾಗಿ ಹೋಗುತ್ತದೆಂದು ಹೇಳುವವರೂ ಇದ್ದಾರೆ. ಅವರ ಮಾತು ಕೇಳಿದರೆ ವಾಷರ್, ಸ್ಪ್ರಿಂಗ್ ಎರಡೂ ಹಾಳಾಗುತ್ತವೆ, ಅಪಾಯವೂ ಹೌದು.

ವೇಗ ಬದಲಾದರೆ ಎಷ್ಟು ವ್ಯತ್ಯಾಸ? ಲೆಕ್ಕ ಹಾಕೋಣ. ಸೆಕೆಂಡಿಗೆ 175 ಮೀಟರ್ ವೇಗದ ಗುಂಡು ಹತ್ತು ಮೀಟರ್ ಹೋಗಲು 0.057 ಸೆಕೆಂಡು ತೆಗೆದುಕೊಳ್ಳುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ, ಅಷ್ಟರಲ್ಲಿ ಗುರುತ್ವದಿಂದ ಅದು 16 ಮಿ.ಮೀ. ಕೆಳಗೆ ಬೀಳುತ್ತದೆ. ವೇಗ 170ಕ್ಕೆ ಇಳಿದರೆ ಬೀಳುವುದು 17 ಮಿ.ಮೀ. ಒಂದು ಮಿ.ಮೀ. ತಾನೆ ಎನ್ನಬೇಡಿ, ಹತ್ತರ ಚುಕ್ಕೆ ಅರ್ಧ ಮಿ.ಮೀ. ಎಂಬುದು ನೆನಪಿರಲಿ. ಎಣ್ಣೆ ಹೊತ್ತಿದಾಗ ಆಗುವ ವ್ಯತ್ಯಾಸ ಇದಕ್ಕಿಂತ ಹೆಚ್ಚು. ಮಾವನ ತಗಡು ಇಪ್ಪತ್ತೈದು ಮೀಟರ್ ದೂರದಲ್ಲಿದೆ. ಬೀಳುವ ಅಂತರ ಕಾಲದ ವರ್ಗದಂತೆ ಬೆಳೆಯುವುದರಿಂದ ಅಲ್ಲಿ ಅದು ಆರು ಪಟ್ಟಿಗೂ ಮಿಗಿಲು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸಂಜೆಯೊಳಗೆ ಚಿತ್ರೀಕರಣ ಮುಗಿಸುವ ಆತುರದಲ್ಲಿ ನಳಿಕೆಯನ್ನು ಶುಚಿಮಾಡಿದ್ದನ್ನೂ ಹೊಸ ಗುಂಡುಗಳಿಗೆ ಬದಲಾಯಿಸಿದ್ದನ್ನೂ ಒಟ್ಟಿಗೆ ಮಾಡಿಬಿಟ್ಟೆ. ಅಳತೆ 33ಕ್ಕೆ ಏರಿತು. ಯಾವುದರಿಂದ ಏರಿತು? ಹೇಳುವಂತಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದು ಹತ್ತಾರು ಕಾರ್ಯಕ್ರಮಗಳಲ್ಲಿ ನಿಮಗೆ ಹೇಳಿದವನು ನಾನೇ. ಮರುದಿನ ಮತ್ತೆ ಹಳೆಯ ಗುಂಡುಗಳಿಂದಲೇ ಆರಂಭಿಸಿದೆವು. ಮೊದಲ ಹತ್ತು ಹನ್ನೆರಡು ಗುಂಡು ಚೆದುರಿದವು, ಆಮೇಲೆ 24ಕ್ಕೆ ಬಂದು ನಿಂತಿತು. ಶುಚಿಮಾಡಿದ ನಳಿಕೆಯೊಳಗೆ ಸೀಸದ ತೆಳುಲೇಪ ಮತ್ತೆ ಸಮನಾಗಿ ಕೂರುವವರೆಗೆ ಹೀಗಾಗುತ್ತದೆ. ಅದಕ್ಕೇ ಸ್ಪರ್ಧಿಗಳು ಪಂದ್ಯದ ದಿನ ಬೆಳಿಗ್ಗೆ ನಳಿಕೆ ತೊಳೆಯಲು ಹೋಗುವುದಿಲ್ಲ.

ಇನ್ನು ಗುಂಡು. ನಡುವೆ ಸೊಂಟದಂತೆ ಸಣ್ಣಗಾದ, ಹಿಂಬದಿಯಲ್ಲಿ ಲಂಗದಂತೆ ಅರಳಿದ ಈ ಸೀಸದ ತುಣುಕಿನ ಮೇಲೆ ಎಲ್ಲವೂ ನಿಂತಿದೆ. ಮಾವನ ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದಾಗ ಲಂಗ ಜಜ್ಜಿದವು, ಅಂಚು ಮಡಿಚಿದವು, ಮಣ್ಣು ಹತ್ತಿದವು ಎಷ್ಟೋ ಇದ್ದವು. ಒಳ್ಳೆಯವನ್ನು ಆರಿಸಿ, ಬೇರೆ ಎರಡು ಬಗೆಯ ಗುಂಡುಗಳೊಂದಿಗೆ ಹೋಲಿಸಿ ನೋಡಿದೆವು. ಅತಿ ಬೆಲೆಯದು ಅತಿ ಒಳ್ಳೆಯದಾಗಿರಲಿಲ್ಲ. ನಡುವಣ ಬೆಲೆಯದೇ 16 ಮಿ.ಮೀ. ಕೊಟ್ಟಿತು. ಪ್ರತಿ ನಳಿಕೆಗೂ ತನ್ನದೇ ಒಲವು. ದೊಡ್ಡ ಸ್ಪರ್ಧಿಗಳು ಗುಂಡು ಕೊಳ್ಳುವ ಮುನ್ನ ರೈಫಲನ್ನು ಹಿಡಿಕೆಗೆ ಬಿಗಿದು ಬೇರೆ ಬೇರೆ ತಯಾರಿಕೆಯ ಡಬ್ಬಿಗಳನ್ನು ಪರೀಕ್ಷಿಸುವುದು ಇದಕ್ಕಾಗಿಯೇ. 2023ರಲ್ಲಿ ಕೊರಿಯಾದ ಚಾಂಗ್ವನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಹತ್ತು ಮೀಟರ್ ಏರ್ ರೈಫಲಿನ ಬೆಳ್ಳಿ ಗೆದ್ದು ಭಾರತಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನ ಒಂದು ಸ್ಥಾನ ತಂದ ಬೆಂಗಳೂರಿನ ತಿಲೋತ್ತಮಾ ಸೇನ್ ಆಗ ಹೈಸ್ಕೂಲಿನ ವಯಸ್ಸಿನವರು. ಅವರು ಅಂತಿಮ ಸುತ್ತಿನಲ್ಲಿ ಗಳಿಸಿದ್ದು 252.3. ಇಪ್ಪತ್ನಾಲ್ಕು ಗುಂಡುಗಳಿಗೆ ಹಂಚಿದರೆ ಗುಂಡಿಗೆ ಸರಾಸರಿ ಹತ್ತೂವರೆ ಅಂಕ! ಅಂದ ಹಾಗೆ, ಸೀಸ ವಿಷ. ಗುಂಡು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬೇಡಿ. ಗುಂಡನ್ನು ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ, ಅದು ಕೂಡದು.

ಕೊನೆಗೆ ಹಿಡಿತ. ಅಲುಗಬಾರದೆಂದು ಎಲ್ಲರೂ ರೈಫಲನ್ನು ಗಟ್ಟಿಯಾಗಿ ಅಪ್ಪಿ ಹಿಡಿಯುತ್ತಾರೆ. ಸ್ಪ್ರಿಂಗ್ ರೈಫಲಿಗೆ ಇದು ಹೊಂದುವುದಿಲ್ಲ. ಗುಂಡು ಹೊರಡುವ ಮೊದಲೇ ಅದು ಹಿಂದೆ ಮುಂದೆ ಜಗ್ಗುತ್ತದೆಂದು ಹೇಳಿದೆನಲ್ಲ. ಆ ಜಗ್ಗಾಟವನ್ನು ತಡೆಯಲು ನಮ್ಮಿಂದಾಗದು, ಪ್ರತಿ ಸಲವೂ ಒಂದೇ ರೀತಿ ಜಗ್ಗುವಂತೆ ಬಿಡಲು ಆಗುತ್ತದೆ. ಮರಳಚೀಲದ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್, ಪ್ರತಿ ಸಲವೂ ಅದೇ ಜಾಗದಲ್ಲಿ. ಭುಜಕ್ಕೆ ಸೋಕಿದಷ್ಟೇ ಒತ್ತು. ಟ್ರಿಗರನ್ನು ಬೆರಳ ತುದಿಯಿಂದ ಹಿಂಡುವಂತೆ ಎಳೆಯಬೇಕು, ಹೊಡೆದ ಮೇಲೂ ಒಂದು ಕ್ಷಣ ಹಾಗೆಯೇ ಇರಬೇಕು. ಮಾವನ ಮಗ ಅರ್ಧ ದಿನ ಇದನ್ನು ಅಭ್ಯಾಸ ಮಾಡಿದ. ಅಳತೆ 11 ಮಿ.ಮೀ.ಗೆ ಬಂತು. 41ರಿಂದ 11. ರೈಫಲಿಗೆ ಒಂದೂ ಹೊಸ ಭಾಗ ಹಾಕಿರಲಿಲ್ಲ.

ಆ ಹುಡುಗನಿಗೆ ಇನ್ನೂ ಆಸೆ. ಸ್ಪ್ರಿಂಗ್ ಬಿಚ್ಚಿ ನೋಡೋಣ, ಟ್ರಿಗರನ್ನು ಅರದಿಂದ ತಿಕ್ಕಿ ಹಗುರ ಮಾಡೋಣ ಎಂದ. ಎರಡಕ್ಕೂ ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಬಿಚ್ಚುವಾಗ ಚಿಮ್ಮಿದ ಸ್ಪ್ರಿಂಗ್ ಮೂಳೆ ಮುರಿಯುತ್ತದೆ. ತಿಕ್ಕಿದ ಕೊಂಡಿ ತಾನಾಗಿಯೇ ಬಿಟ್ಟುಕೊಂಡರೆ ನಳಿಕೆ ಯಾರ ಕಡೆಗಿದೆಯೋ ಯಾರು ಬಲ್ಲರು? ಆ ಕೆಲಸ ಬಲ್ಲ ರಿಪೇರಿಯವರದು. ಕಾನೂನಿನ ಮಾತೂ ಇದೆ. 4.5 ಮಿ.ಮೀ. ಮೀರದ ನಳಿಕೆಯ, 20 ಜೌಲ್ ಮೀರದ ಶಕ್ತಿಯ ಏರ್ ರೈಫಲಿಗೆ ಲೈಸೆನ್ಸಿನ ವಿನಾಯಿತಿಯುಂಟು. ನಮ್ಮ ಗುಂಡಿನ ಶಕ್ತಿ ಸುಮಾರು 8 ಜೌಲ್. ಶಕ್ತಿ ಹೆಚ್ಚಿಸಲು ಹೊರಟರೆ ನಿಖರತೆಯೂ ಹೋಗುತ್ತದೆ, ಮೇರೆಯನ್ನೂ ದಾಟಬಹುದು. ಹಕ್ಕಿಗಳಿಗೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮತ್ತು ಇದಾವುದನ್ನೂ ಹಿರಿಯರಿಲ್ಲದೆ ಮಾಡಬೇಡಿ.

ಚೆದುರಿಕೆ ಹನ್ನೊಂದಕ್ಕೆ ಇಳಿದ ಮೇಲಷ್ಟೇ ಸೈಟಿಗೆ ಕೈ ಹಾಕಿದೆವು. ಐದೂ ಗುಂಡುಗಳು ಒಟ್ಟಾಗಿ ಬೀಳುತ್ತಿದ್ದವು, ಆದರೆ ಕೇಂದ್ರದಿಂದ ಮೂರು ಸೆಂಟಿಮೀಟರ್ ಬಲಕ್ಕೆ. ಹಿಂದಿನ ಸೈಟನ್ನು ಗುಂಡು ಎತ್ತ ಹೋಗಬೇಕೋ ಅತ್ತ ಸರಿಸಬೇಕು, ಅಂದರೆ ಎಡಕ್ಕೆ. ಎಷ್ಟು? ಸಮರೂಪ ತ್ರಿಭುಜಗಳನ್ನು ನೆನೆಯಿರಿ. ಎರಡು ಸೈಟುಗಳ ನಡುವಣ ದೂರ 45 ಸೆಂಟಿಮೀಟರ್, ಗುರಿಯ ದೂರ ಹತ್ತು ಮೀಟರ್. ಗುರಿಯಲ್ಲಿ ಒಂದು ಸೆಂಟಿಮೀಟರಿಗೆ ಸೈಟಿನಲ್ಲಿ 0.45 ಮಿ.ಮೀ. ಮೂರು ಸೆಂಟಿಮೀಟರಿಗೆ 1.35 ಮಿ.ಮೀ. ಸೈಟಿನ ತಿರುಪನ್ನು ಅಷ್ಟು ಸರಿಸಿ, ಎಷ್ಟು ಸುತ್ತು ತಿರುಗಿಸಿದೆವೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಮುಂದಿನ ಐದು ಗುಂಡುಗಳು ಕರಿಯ ವೃತ್ತದ ನಡುವೆ ಬಿದ್ದವು. ಕಾರ್ಯಕ್ರಮದಲ್ಲಿ ನೀವು ನೋಡಿದ್ದು ಇಲ್ಲಿಯವರೆಗೆ.

ತೋರಿಸದೆ ಉಳಿದದ್ದು ಇದು. ಸಾಮಾನು ಕಟ್ಟುವ ಹೊತ್ತಿಗೆ ಮಾವ ರೈಫಲ್ ತೆಗೆದುಕೊಂಡು ಅಟ್ಟ ಹತ್ತಿ ತಗಡಿಗೆ ಹೊಡೆದರು. ಸದ್ದಿಲ್ಲ. ಇನ್ನೊಂದು ಹೊಡೆದರು. ಸದ್ದಿಲ್ಲ. ನಾಲ್ಕೂ ತಪ್ಪಿದವು, ನಾಲ್ಕೂ ತಗಡಿನ ಎಡಕ್ಕೆ, ಒಡ್ಡಿನ ಮಣ್ಣಿನಲ್ಲಿ ಒಂದೇ ಕಡೆ ಧೂಳೆಬ್ಬಿಸಿದವು. ಹತ್ತು ವರ್ಷದಿಂದ ಅವರು ತಗಡಿನ ಎಡ ಅಂಚಿನಾಚೆ ಗುರಿಯಿಟ್ಟು ನಡುವಿಗೆ ಹೊಡೆಯುತ್ತ ಬಂದವರು. ಈಗಲೂ ಕೈ ಅತ್ತಲೇ ಹೋಗುತ್ತಿತ್ತು. ಕೆಳಗಿಳಿದು ಬಂದು ರೈಫಲನ್ನು ನನ್ನ ಕೈಗಿಟ್ಟು, "ಅಳಿಯಾ, ಗಿಳಿ ಬರೂ ಹೊತ್ತಾತು. ಮೊದಲ ಹೆಂಗಿತ್ತೋ ಹಂಗ ಮಾಡಿ ಕೊಟ್ಟ ಹೋಗಪಾ" ಎಂದರು.

ನೋಟ್‌ಬುಕ್ ತೆಗೆದು, ಬರೆದಿಟ್ಟಷ್ಟೇ ಸುತ್ತು ತಿರುಪನ್ನು ಹಿಂದಕ್ಕೆ ತಿರುಗಿಸಿ ಕೊಟ್ಟೆ. ವ್ಯಾನು ಊರು ದಾಟುವವರೆಗೆ ಹಿಂದಿನಿಂದ ತಗಡಿನ ಸದ್ದು ಕೇಳುತ್ತಿತ್ತು.